ಹಣ್ಣಿನ ಖೋಲಿಯ ಕಂದು ಸೀಸೆ

ಸುನೀಲಕುಮಾರನ ನಾಲಿಗೆ ಸ್ವಲ್ಪ ಮೊಂಡಾಗಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಹೈದರಾಬಾದಿನ ಪರಿಚಯದವನೊಬ್ಬ ಕದ್ದುಮುಚ್ಚಿ ತಲುಪಿಸಿದ ವೇಪ್, ಅಂದರೆ ಇ-ಸಿಗರೇಟಿನ, ದ್ರವವನ್ನು ಯಂತ್ರಕ್ಕೆ ಹಾಕಿ ಮೊದಲ ದಮ್ಮು ಎಳೆದಾಗ, ವೆನಿಲ್ಲಾ ಕಸ್ಟರ್ಡಿನ ಬದಲು ಹೊಸದಾಗಿ ಬಣ್ಣ ಹೊಡೆದ ಗೋಡೆ ನೆಕ್ಕಿದಂತಾಯಿತು. ಫೋನ್ ಮಾಡಿ ತರಾಟೆಗೆ ತೆಗೆದುಕೊಂಡ. ಅತ್ತಲಿನವನು ಶಾಂತವಾಗಿ ತಿಳಿಸಿಹೇಳಿದ: ಹೊಸ ದ್ರವ ಹಾಗೇ ಒಗರಾಗಿರುತ್ತದೆ. ಅದನ್ನು ಕಂದು ಗಾಜಿನ ಸೀಸೆಗೆ ಸುರಿದು, ಬೆಳಕೂ ಬಿಸಿಯೂ ತಾಕದ ಕಡೆ ಕೆಲವು ವಾರ ಇಡಬೇಕು. ಆಗಾಗ ಅಲ್ಲಾಡಿಸಬೇಕು. ಪರಿಮಳ ಒಂದರೊಳಗೊಂದು ಬೆರೆತು, ನೀರಿನಂತಿದ್ದದ್ದು ಚಹಾದ ಬಣ್ಣಕ್ಕೆ ತಿರುಗಿದಾಗ ನೋಡು ರುಚಿ.

ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಬಿಸಿ ತಾಕದ ಜಾಗ ಹುಡುಕುವುದೆಂದರೆ ಒಲೆಯೊಳಗೆ ನೆರಳು ಹುಡುಕಿದಂತೆ. ಸುನೀಲಕುಮಾರನ ಬಾಡಿಗೆ ಮನೆ ಮೇಲಿನ ಮಹಡಿಯಲ್ಲಿತ್ತು. ಮಧ್ಯಾಹ್ನ ಟ್ರಂಕಿನೊಳಗಿನ ಬಟ್ಟೆಯೂ ಇಸ್ತ್ರಿ ಮಾಡಿದಂತೆ ಬೆಚ್ಚಗಿರುತ್ತಿತ್ತು. ಫ್ರಿಜ್ಜು ಹೆಂಡತಿ ಐಶ್ವರ್ಯಾಳ ರಾಜ್ಯ. ಅವಳ ಕೈಗೆ ಸಿಕ್ಕರೆ ಮುಗಿಯಿತು. ಹೋದ ಯುಗಾದಿಗೆ ಹತ್ತಿರದ ಕಮಲಾಪುರದ ಮಾವನ ಮನೆಯಲ್ಲಿ, ದೇವರ ಜಗಲಿಯ ಮುಂದೆ, ಸಿಗರೇಟು ಬಿಟ್ಟೆನೆಂದು ಅವಳ ಕೈಮುಟ್ಟಿ ಆಣೆ ಮಾಡಿದ್ದ. ಸಿಗರೇಟನ್ನು ನಿಜವಾಗಿಯೂ ಬಿಟ್ಟಿದ್ದ. ವೇಪ್ ಬಗ್ಗೆ ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಮಾವ ದೌಲಪ್ಪನಂತೂ ಅಂದಿನಿಂದ ಸಂತೆಯಲ್ಲಿ ಸಿಕ್ಕವರಿಗೆಲ್ಲ, ತನ್ನ ಅಳಿಯ ಒಂದೇ ದಿನದಲ್ಲಿ ಸಿಗರೇಟು ಬಿಟ್ಟ ಗಂಡಸೆಂದು ಹೇಳಿಕೊಂಡು ತಿರುಗುತ್ತಿದ್ದ.

ಅದೇ ದೌಲಪ್ಪನ ಮನೆಯಲ್ಲಿ ಸುನೀಲಕುಮಾರನಿಗೆ ಬೇಕಾದ ಜಾಗ ಸಿಕ್ಕಿತು. ದೌಲಪ್ಪ ಕೆಂಪು ಬಾಳೆ ಬೆಳೆಯುವ ರೈತ. ಹಿತ್ತಲಲ್ಲಿ ದಪ್ಪ ಕಲ್ಲಿನ ಗೋಡೆಯ, ಕಿಟಕಿಯೇ ಇಲ್ಲದ ಒಂದು ಖೋಲಿ. ಬಾಳೆಗೊನೆಗಳನ್ನು ಅಲ್ಲಿ ಹುಲ್ಲು, ಗೋಣಿಚೀಲ ಹೊದಿಸಿ ಹಣ್ಣಿಗಿಡುತ್ತಿದ್ದರು. ಕತ್ತಲು, ತಂಪು, ಜನರ ಓಡಾಟ ಕಡಿಮೆ. ದ್ರವ ಪಕ್ವವಾಗಲು ಇದಕ್ಕಿಂತ ಒಳ್ಳೆಯ ಜಾಗ ಹೈದರಾಬಾದಿನಲ್ಲೂ ಇರಲಿಕ್ಕಿಲ್ಲ. ಸೀಸೆಯನ್ನು ಕಪ್ಪು ಕಾಲುಚೀಲದೊಳಗೆ ಹಾಕಿ ಗೋಡೆಯ ಗೂಡಿನಲ್ಲಿ ಅಡಗಿಸಿದ. ಅಷ್ಟರಲ್ಲಿ ಐಶ್ವರ್ಯಾ ಬೇಸಿಗೆಗೆಂದು ತವರಿಗೆ ಬಂದಳು; ಅದೇ ನೆಪದಲ್ಲಿ ಪ್ರತಿ ಭಾನುವಾರ ಕಮಲಾಪುರಕ್ಕೆ ಹೋಗಿ, ಖೋಲಿ ಹೊಕ್ಕು, ಕತ್ತಲಲ್ಲೇ ಕಾಲುಚೀಲ ಬಿಚ್ಚದೆ ಸೀಸೆ ಅಲ್ಲಾಡಿಸಿ ಬರತೊಡಗಿದ. ಅಳಿಯನಿಗೆ ಬಾಳೆಯ ಮೇಲೆ ಇಷ್ಟೊಂದು ಜೀವ ಇದೆಯೆಂದು ತನಗೆ ಗೊತ್ತಿರಲಿಲ್ಲ ಎಂದು ಅತ್ತೆ ಸೂಗಮ್ಮ ಕಣ್ಣು ಒರೆಸಿಕೊಂಡಳು.

ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಅವನು ಕೆಲಸ ಮಾಡುವ ವಿಮಾ ಕಚೇರಿಗೆ ದೌಲಪ್ಪನ ಫೋನ್ ಬಂತು.

"ಅಳ್ಯಾರ, ಹಣ್ಣಿನ ಖೋಲ್ಯಾಗ ಒಂದು ಸೀಸಿ ಸಿಕ್ಕದ್ರಿ. ಕಂದು ಗಾಜಿಂದು, ಮ್ಯಾಲ ಚೀಟಿ ಇಲ್ಲ. ನಾನಂತೂ ಇಟ್ಟಿಲ್ಲ. ನೀವು ಓದಿದವ್ರು, ಒಮ್ಮಿ ಬಂದು ನೋಡ್ರಿ."

ಸುನೀಲಕುಮಾರ ಚಹಾದ ಕಪ್ಪನ್ನು ಕಡತದ ಮೇಲೇ ಇಟ್ಟು, ಯಾರಿಗೆ ಸಿಕ್ಕಿತೆಂದು ಕೇಳಿದ.

ಸೀಸೆ ಕಂಡುಹಿಡಿದವರು ಇಕ್ಬಾಲ್ ಬೇಗಂ. ಕಲಬುರಗಿಯ ಮೋಮಿನಪುರದಲ್ಲಿ ಅವರದು ಹಣ್ಣಿನ ಅಂಗಡಿ. ಔಷಧಿ ಹಾಕದೆ ಮಾಗಿಸಿದ ಹಣ್ಣು ಎಂಬುದೇ ಅಂಗಡಿಗಿದ್ದ ಹೆಸರು. ಅದಕ್ಕಾಗಿಯೇ ಪ್ರತಿವರ್ಷ ದೌಲಪ್ಪನ ಬಾಳೆಯನ್ನಷ್ಟೇ ಕೊಳ್ಳುತ್ತಿದ್ದರು. ಇಂದು ಟೆಂಪೋ ತಂದು, ಹಣ್ಣು ಮುಟ್ಟಿ ನೋಡಲು ತಾವೇ ಖೋಲಿಯೊಳಗೆ ಹೋಗಿ ಗೋಣಿಚೀಲದ ಹಿಂದೆ ಕೈ ಹಾಕಿದ್ದಾರೆ. ಸೀಸೆ ಕೈಗೆ ಬಂದಿದೆ. ಕಾಯಿಯನ್ನು ಔಷಧಿ ಬೆರೆಸಿದ ನೀರಿನಲ್ಲಿ ಅದ್ದಿ ಅವಸರದಲ್ಲಿ ಹಣ್ಣು ಮಾಡುವವರು ಇದ್ದಾರೆಂದು ಅವರಿಗೂ ಗೊತ್ತು. ಈಗ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಾರೆ. ಇದು ಏನೆಂದು ಗೊತ್ತಾಗದಿದ್ದರೆ ಸಂಜೆ ಸೀಸೆಯನ್ನು ಕಲಬುರಗಿಯ ಪ್ರಯೋಗಾಲಯಕ್ಕೆ ಕೊಡುತ್ತಾರಂತೆ. ದೌಲಪ್ಪನ ವ್ಯಾಪಾರಕ್ಕೆ ಇವತ್ತಿಗೇ ಮುಕ್ತಾಯವಂತೆ.

ಪ್ರಯೋಗಾಲಯ ಎಂಬ ಪದ ಕೇಳಿದ್ದೇ ಸುನೀಲಕುಮಾರ ಫೋನ್ ಇಟ್ಟ. ಪಕ್ಕದ ಮೇಜಿನ ಆನಂದತೀರ್ಥನನ್ನು, ಯಾರದೋ ಮಾತು ಎಂಬಂತೆ, ಈ ವೇಪ್ ಅಂತಾರಲ್ಲ, ಅದಕ್ಕೆ ಕಾನೂನಿನಲ್ಲಿ ಏನಿದೆ ಎಂದು ಕೇಳಿದ. ಆನಂದತೀರ್ಥ ಪತ್ರಿಕೆಯನ್ನು ಜಾಹೀರಾತು ಸಮೇತ ಓದುವ ಮನುಷ್ಯ.

"ಎರಡು ಸಾವಿರದ ಹತ್ತೊಂಬತ್ತರಾಗನ ಬಂದ್ ಮಾಡ್ಯಾರ್ರಿ. ಮಾರೋದಷ್ಟ ಅಲ್ಲ, ಸಂಗ್ರಹ ಮಾಡಿಟ್ರೂ ಅಪರಾಧ. ಆರು ತಿಂಗಳ ತನಕ ಜೈಲ ಆಗಬಹುದು." ಕನ್ನಡಕದ ಮೇಲಿನಿಂದ ನೋಡಿದ. "ಯಾಕ್ರಿ, ಯಾರು ಇಟ್ಟಾರ?"

ಸುನೀಲಕುಮಾರ, ಮಾವನಿಗೆ ಮೈಯಲ್ಲಿ ಹುಷಾರಿಲ್ಲ ಎಂದು ರಜೆ ಕೇಳಿದ. ಏನು ಕಾಯಿಲೆ, ಎಂದಿನಿಂದ, ಯಾವ ಡಾಕ್ಟರು ಎಂದು ಆನಂದತೀರ್ಥ ಶುರುಮಾಡಿ, ತಾನೂ ಜೊತೆಗೆ ಬರುತ್ತೇನೆಂದು ಚಪ್ಪಲಿ ಮೆಟ್ಟಿದ. ಅವನನ್ನು ಮತ್ತೆ ಕುರ್ಚಿಯಲ್ಲಿ ಕೂಡಿಸುವಷ್ಟರಲ್ಲಿ ಒಂದು ಬಸ್ಸು ತಪ್ಪಿತು.

ಮುಂದಿನ ಬಸ್ಸಿನಲ್ಲಿ ಬಿಸಿಲ ಕಡೆಯ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ಸುನೀಲಕುಮಾರ ಸುಳ್ಳುಗಳನ್ನು ತೂಗಿ ನೋಡಿದ. ಕೆಮ್ಮಿನ ಔಷಧಿ ಎಂದರೆ, ವರ್ಷವಿಡೀ ಕೆಮ್ಮುವ ಸೂಗಮ್ಮ ಅಲ್ಲೇ ಒಂದು ಚಮಚ ಕುಡಿದಾಳು. ಅದರಲ್ಲಿರುವುದು ನಿಕೋಟಿನ್, ಹೊಟ್ಟೆಗೆ ಹೋದರೆ ವಿಷ. ಕಣ್ಣಿನ ಔಷಧಿ ಎಂದರೆ, ಮಾವನ ಪಕ್ಕದ ಮನೆಯ ಸಾಬಮ್ಮನಿಗೆ ಈಗಷ್ಟೇ ಪೊರೆ ತೆಗೆದಿದ್ದಾರೆ. ಅತ್ತರು ಎಂದರೆ, ಇಕ್ಬಾಲ್ ಬೇಗಂ ಅವರ ಮನೆಯ ಎದುರಿಗೇ ಮೂರು ಅತ್ತರಿನ ಅಂಗಡಿ. ಒಂದೊಂದು ಸುಳ್ಳಿಗೂ ಒಬ್ಬೊಬ್ಬರು ಮೊದಲೇ ಬಂದು ಕಾದು ಕೂತಂತಿತ್ತು.

ಅರ್ಧ ದಾರಿಯಲ್ಲಿ ಸಾಬಮ್ಮನ ಫೋನ್ ಬಂತು. ತನ್ನ ಮನೆಯ ಸಾರು ಸೀದರೂ ಪರವಾಗಿಲ್ಲ, ಪಕ್ಕದ ಮನೆಯ ಅಂಗಳ ಬಿಡುವವಳಲ್ಲ. ಬೇಗಂ ಮುಚ್ಚಳ ತೆಗೆದು ಮೂಸಿದರು, ಮೂಗಿಗೆ ಚುಚ್ಚುವ ವಾಸನೆಯಂತೆ, ಒಳಗಿರುವುದು ನೀರಿನ ಹಾಗೆ ತಿಳಿಯಾಗಿದೆಯಂತೆ ಎಂದು ವರದಿ ಕೊಟ್ಟಳು.

ಅಂಥ ಭಯದಲ್ಲೂ ಸುನೀಲಕುಮಾರನ ಮನಸ್ಸಿಗೆ ಬೇರೆಯೇ ಒಂದು ನೋವಾಯಿತು. ನೀರಿನ ಹಾಗೆ? ಇಷ್ಟು ವಾರ ಕತ್ತಲಲ್ಲಿಟ್ಟು, ಭಾನುವಾರಗಳನ್ನೆಲ್ಲ ಬಸ್ಸಿನಲ್ಲಿ ಕಳೆದು ಅಲ್ಲಾಡಿಸಿದ್ದು ಇಷ್ಟಕ್ಕೇನು? ಬಣ್ಣ ತಿರುಗಿಲ್ಲ, ವಾಸನೆ ಮೆತ್ತಗಾಗಿಲ್ಲ. ಜೈಲಿಗೆ ಹೋಗುವುದಾದರೂ ಪಕ್ವವಾದ ದ್ರವಕ್ಕಾಗಿ ಹೋಗಬಾರದಿತ್ತೇ?

ಕಮಲಾಪುರದ ಅಂಗಳಕ್ಕೆ ಕಾಲಿಟ್ಟಾಗ ಪಂಚಾಯಿತಿ ಸೇರಿದಂತಿತ್ತು. ನಡುವೆ ಕುರ್ಚಿಯಲ್ಲಿ ಇಕ್ಬಾಲ್ ಬೇಗಂ. ಸೀಸೆಯನ್ನು ಕರ್ಚೀಪಿನಲ್ಲಿ ಸುತ್ತಿ ಹಿಡಿದಿದ್ದರು. ಕಂದು ಕತ್ತಷ್ಟೇ ಕಾಣುತ್ತಿತ್ತು. ಕಟ್ಟೆಯ ಮೇಲೆ ದೌಲಪ್ಪ ತಲೆಯ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಐಶ್ವರ್ಯಾ ಬಾಗಿಲಲ್ಲಿ ನಿಂತು, ಸದ್ಯ ನೀವಾದರೂ ಬಂದಿರಲ್ಲ ಎಂಬಂತೆ ಗಂಡನತ್ತ ನೋಡಿದಳು. ಅದು ಅವನಿಗೆ ಇನ್ನೂ ಕಷ್ಟವಾಯಿತು.

ಅವನು ಬಾಯಿ ತೆರೆಯುವ ಮೊದಲೇ ಸಾಬಮ್ಮ ಮುಂದೆ ಬಂದಳು. ಇಷ್ಟೊಂದು ಯೋಚನೆ ಯಾಕೆ, ನಾಲಿಗೆಗೆ ಒಂದು ಹನಿ ಹಚ್ಚಿದರೆ ಔಷಧಿಯೋ ಅಲ್ಲವೋ ತಿಳಿಯುತ್ತದೆ ಎಂದು ಬೇಗಂ ಕಡೆ ಬೆರಳು ಚಾಚಿದಳು.

"ಬ್ಯಾಡ್ರಿ ಸಾಬವ್ವ! ಅದು ವಿಷ ಅದ!"

ಸುನೀಲಕುಮಾರ ಕೂಗಿಬಿಟ್ಟಿದ್ದ. ಅವನಿನ್ನೂ ಸೀಸೆಯ ಹತ್ತಿರ ಕೂಡ ಹೋಗಿರಲಿಲ್ಲ.

ಇಕ್ಬಾಲ್ ಬೇಗಂ ನಿಧಾನವಾಗಿ ಎದ್ದರು. "ಕೇಳಿದ್ರಿಲ್ಲ ದೌಲಪ್ಪ ಭಾಯಿ? ನಿಮ್ಮ ಅಳಿಯಾನೇ ಹೇಳ್ತಾನ, ಜಹರ್ ಅದ ಅಂತ. ಇಷ್ಟು ವರ್ಷ ನಾ ಜನಕ್ಕ ಏನು ತಿನ್ನಿಸ್ದೆ?" ಸೀಸೆಯನ್ನು ಚೀಲಕ್ಕೆ ಹಾಕಿ, ಟೆಂಪೋ ತಿರುಗಿಸಲು ಡ್ರೈವರನಿಗೆ ಕೈ ಮಾಡಿದರು.

ದೌಲಪ್ಪ ಅಳಿಯನ ಮುಖವನ್ನು ನೋಡಿದ, ಅಷ್ಟೇ. ಸೂಗಮ್ಮ ಸೆರಗು ಬಾಯಿಗೆ ಹಿಡಿದಳು. ಟೆಂಪೋ ಗುರ್ ಎಂದಿತು. ಆ ಸದ್ದಿಗೆ ಸುನೀಲಕುಮಾರನ ಬಾಯಿಂದ ಮಾತು ತಾನಾಗಿಯೇ ಉದುರಿತು.

"ಬೇಗಂ ಸಾಹೇಬ್ರ, ನಿಲ್ರಿ. ಮಾವಾರದ್ದೇನೂ ತಪ್ಪಿಲ್ಲ. ಆ ಸೀಸಿ ನಂದು."

ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಬೆಂಕಿಯಿಲ್ಲದೆ ಸೇದುವ ಯಂತ್ರ, ಅದಕ್ಕೆ ಹಾಕುವ ದ್ರವ, ಅದರೊಳಗಿನ ನಿಕೋಟಿನ್. ಅದನ್ನು ಬಾಳೆಯ ಖೋಲಿಯಲ್ಲಿ ಯಾಕೆ ಇಟ್ಟೆ ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ. ಹೊಸದು ಒಗರಾಗಿರುತ್ತದೆ, ಕತ್ತಲಲ್ಲಿಟ್ಟರೆ ಒಳಗೇ ಮಾಗಿ ರುಚಿ ಬರುತ್ತದೆ ಎಂದ.

"ಅಂದ್ರ ಅದನ್ನೂ ಹಣ್ಣಿಗೆ ಹಾಕೀರಿ," ಎಂದಳು ಸಾಬಮ್ಮ.

"ಹೌದ್ರಿ."

"ಸುಡುಗಾಡು ಸೇದೂದಕ್ಕ ಎಷ್ಟ್ ಓದ್ಬೇಕಾಗ್ಯಾದ ನೋಡ್ರಿ ಈಗ."

ಐಶ್ವರ್ಯಾ ಬಾಗಿಲು ಬಿಟ್ಟು ಇಳಿದು ಬಂದಳು. ಅವಳು ಕೂಗಾಡಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಪ್ರತಿ ಐತವಾರ ನನ್ನ ನೋಡಾಕ ಬರ್ತೀರಿ ಅಂತ ತಿಳಿದಿದ್ದೆ," ಎಂದಳು. "ಸೀಸಿ ನೋಡಾಕ ಬರ್ತಿದ್ರೇನು?"

ಸುನೀಲಕುಮಾರ ಬಗ್ಗಿ, ಇನ್ನೂ ಬಿಡದ ಚಪ್ಪಲಿ ಬಿಡತೊಡಗಿದ.

ಇಕ್ಬಾಲ್ ಬೇಗಂ ಸೀಸೆಯನ್ನು ಚೀಲದಿಂದ ತೆಗೆದು ಐಶ್ವರ್ಯಾಳ ಕೈಗೆ ಕೊಟ್ಟು, ದೌಲಪ್ಪನ ಕಡೆ ತಿರುಗಿದರು. "ಮಾಫ್ ಕರೋ ಭಾಯಿ, ನಿಮ್ಮ ಮ್ಯಾಲ ಶಕ್ ಮಾಡ್ದೆ. ನಿಮ್ಮ ಬಾಳಿಹಣ್ಣು ಪಾಕ್ ಅದ, ಶುದ್ಧ ಅದ. ಅಳಿಯ ಒಬ್ಬನ ಖರಾಬ್ ಆಗ್ಯಾನ."

ಐಶ್ವರ್ಯಾ ಎಲ್ಲರೆದುರು ಸೀಸೆಯನ್ನು ಬಚ್ಚಲ ಮೋರಿಗೆ ಸುರಿದಳು. ಅಷ್ಟೇ ಸಾಲದೆಂದು ದೌಲಪ್ಪ ತಾನೇ ಎದ್ದು, ಖಾಲಿ ಸೀಸೆಯನ್ನು ಕಲ್ಲಿನಿಂದ ಕುಟ್ಟಿ, ಪುಡಿಯನ್ನು ಮಣ್ಣಿನಲ್ಲಿ ಹೂತುಬಂದ. ಇಂಥ ವಸ್ತುವಿನ ಗುರುತೂ ಮನೆಯಲ್ಲಿ ಇರಬಾರದು ಎಂದ. ಗೊನೆಗಳು ಟೆಂಪೋ ಏರಿದವು. ಹೊರಡುವ ಮೊದಲು ಬೇಗಂ ತಾವು ಕೊಂಡ ಹಣ್ಣಿನಲ್ಲೇ ಒಂದು ಚಿಪ್ಪು ಕಿತ್ತು ಸುನೀಲಕುಮಾರನ ಕೈಯಲ್ಲಿಟ್ಟು, ಸೇದಬೇಕೆನಿಸಿದಾಗಲೆಲ್ಲ ಒಂದೊಂದು ತಿನ್ನಬೇಕು, ಹೆಂಡತಿ ಎದುರಿಗೇ ತಿನ್ನಬೇಕು ಎಂದು ತಾಕೀತು ಮಾಡಿದರು.

ಜನ ಕರಗಿದ ಮೇಲೆ ದೌಲಪ್ಪ ಅಳಿಯನನ್ನು ಹಣ್ಣಿನ ಖೋಲಿಗೆ ಕರೆದ. ಎರಡು ಏಟು ಬಿದ್ದರೂ ಬೀಳಲಿ ಎಂದು ಸುನೀಲಕುಮಾರ ತಲೆ ತಗ್ಗಿಸಿ ಒಳಗೆ ಹೋದ. ದೌಲಪ್ಪ ಬಾಗಿಲು ಮುಂದಕ್ಕೆ ತಳ್ಳಿ, ಗೋಡೆಯ ಗೂಡಿಗೆ ಕೈ ಹಾಕಿ ಕಪ್ಪು ಕಾಲುಚೀಲವನ್ನು ಹೊರತೆಗೆದ. ಅದರೊಳಗಿಂದ ಸೀಸೆ ಜಾರಿತು. ಮುಚ್ಚಳ ತೆಗೆದು ಬಾಗಿಲ ಸಂದಿಯ ಬೆಳಕಿಗೆ ಹಿಡಿದ. ಒಳಗಿನ ದ್ರವ ಗಟ್ಟಿ ಚಹಾದ ಬಣ್ಣಕ್ಕೆ ತಿರುಗಿತ್ತು.

ಸುನೀಲಕುಮಾರ ಸೀಸೆಯನ್ನೂ ಮಾವನನ್ನೂ ನೋಡಿದ. "ಮತ್ತ ಬೇಗಂ ಕೈಯಾಗ ಇದ್ದದ್ದು?"

"ಅದು ನಂದು," ಎಂದ ದೌಲಪ್ಪ. "ಈ ಸಲ ಅವ್ರು ಬಾಳ ಅವಸರ ಮಾಡಿದ್ರು. ಕಾಯಿ ಮಾಗವಲ್ಲವು. ಔಷಧಿ ತಂದು ನೀರಿಗೆ ಹನಿಸಿ ಅದ್ದಿಬಿಟ್ಟೆ. ಉಳಿದದ್ದು ಸೀಸ್ಯಾಗ ಇಟ್ಟಿದ್ದೆ."

"ನಿಮಗ ನಂದು ಗೊತ್ತಿತ್ತೇನ್ರಿ?"

"ನೀವು ಇಟ್ಟ ವಾರದಾಗನ ಗೊತ್ತಾತು. ಆಣಿ ಮಾಡಿದ ಅಳಿಯ ಅಂತ ಊರಿಗೆಲ್ಲ ಹೇಳಿದ್ದೆ, ಅದಕ್ಕ ಸುಮ್ಮನಿದ್ದೆ. ಹಣ್ಣು ಹೊರಳಿಸುವಾಗ ಅದನ್ನೂ ಅಲ್ಲಾಡಿಸಿ ಇಡ್ತಿದ್ದೆ." ಮುಚ್ಚಳ ಬಿಗಿದು ಸೀಸೆಯನ್ನು ಅಂಗಿಯ ಒಳಕಿಸೆಗೆ ಇಳಿಸಿ ಗುಂಡಿ ಹಾಕಿದ. "ಸೀಸಿ ಸಿಕ್ಕದ ಅಂದ್ರ ನೀವು ಓಡಿ ಬರ್ತೀರಿ, ನಂದು ಅಂತೀರಿ ಅಂತ ಗೊತ್ತಿತ್ತು. ಇದು ನನ್ನ ಕಡೆ ಇರ್ಲಿ. ನೀವು ನಂದು ಹೇಳಬ್ಯಾಡ್ರಿ, ನಾನೂ ನಿಮ್ಮದು ಇನ್ನೂ ಅದ ಅಂತ ಐಶ್ವರ್ಯಾಗ ಹೇಳಂಗಿಲ್ಲ."

ಸಂಜೆಯ ಬಸ್ಸಿನಲ್ಲಿ ಐಶ್ವರ್ಯಾ ಗಂಡನ ಪಕ್ಕದಲ್ಲೇ ಕೂತಿದ್ದಳು. ಇನ್ನು ಅವನನ್ನು ಒಬ್ಬನೇ ಬಿಡುವುದಿಲ್ಲವೆಂದು ತವರಿನ ದಿನಗಳನ್ನು ಮೊಟಕುಮಾಡಿ ಹೊರಟಿದ್ದಳು. ಊರು ದಾಟುವ ಮೊದಲೇ ಆನಂದತೀರ್ಥ ಫೋನ್ ಮಾಡಿ ಮಾವ ಹೇಗಿದ್ದಾರೆಂದು ವಿಚಾರಿಸಿದ. ಗಟ್ಟಿಯಾಗಿದ್ದಾರೆ ಎಂದು ಸುನೀಲಕುಮಾರ ಹೇಳಿದ. ಸ್ವಲ್ಪ ಹೊತ್ತಿಗೆ ಅವನ ಬೆರಳು ಅಭ್ಯಾಸಬಲದಿಂದ ಜೇಬು ತಡವಿತು.

ಐಶ್ವರ್ಯಾ ಚಿಪ್ಪಿನಿಂದ ಒಂದು ಹಣ್ಣು ಕಿತ್ತು ಕೊಟ್ಟಳು. ಸಿಪ್ಪೆ ಮದುವೆಯ ಸೀರೆಯಂತೆ ಕೆಂಪಗೆ ಹೊಳೆಯುತ್ತಿತ್ತು. ಸುಲಿದು ಕಚ್ಚಿದ. ಒಳಗೆ ಗಟ್ಟಿಯಾಗಿ, ಹಿಟ್ಟು ಹಿಟ್ಟಾಗಿ, ನಾಲಿಗೆ ಹಿಡಿಯುವಷ್ಟು ಒಗರಾಗಿತ್ತು.

"ಹ್ಯಾಂಗದರಿ?"

"ಚಲೋ ಹಣ್ಣಾಗ್ಯಾದ," ಎಂದು ಸುನೀಲಕುಮಾರ ನುಂಗಿದ.

ಅವಳು ಎರಡನೆಯದನ್ನು ಸುಲಿಯತೊಡಗಿದಳು.