ಮಡಿ ಪಂಚೆಯಲ್ಲಿ ಮಾಸ್ಟರ್ ಡಿಗ್ರಿ

ಕಂಪ್ಯೂಟರ್ ನೆಟ್‌ವರ್ಕ್ ವಿಷಯದಲ್ಲಿ ನಾನು ಸಾಮಾನ್ಯನಲ್ಲ. ಚೆನ್ನೈನ ಶೋಳಿಂಗನಲ್ಲೂರಿನಲ್ಲಿರುವ ನಮ್ಮ ಆಫೀಸಿನಲ್ಲಿ ಯಾರ ಇಂಟರ್ನೆಟ್ ನಿಂತರೂ ಮೊದಲು ಕೂಗುವುದು ನನ್ನ ಹೆಸರನ್ನೇ. ಬೈಯುವುದಕ್ಕೂ ಅದೇ ಹೆಸರನ್ನು ಬಳಸುತ್ತಾರೆ, ಅದು ಬೇರೆ ಮಾತು! ಇಂಥ ನಾನು ಕೆಲಸದಲ್ಲಿದ್ದುಕೊಂಡೇ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಿಂದ ಆನ್‌ಲೈನಿನಲ್ಲಿ ನೆಟ್‌ವರ್ಕಿಂಗ್ ಮಾಸ್ಟರ್ ಡಿಗ್ರಿ ಮಾಡುತ್ತೇನೆಂದು ಘೋಷಿಸಿದಾಗ ಮನೆಯವರೆಲ್ಲ ಹಿಗ್ಗುತ್ತಾರೆಂದು ತಿಳಿದಿದ್ದೆ. ಹೆಂಡತಿ ಸುಧಾ ಮಾತ್ರ ತಣ್ಣಗೆ, "ಮಾಡಿ. ಅದಕ್ಕೆ ಮೊದಲು ಗೀಸರ್ ರಿಪೇರಿ ಮಾಡಿಸಿ" ಎಂದಳು.

ಅಡ್ಯಾರಿನ ನಮ್ಮ ಮನೆಗೆ ಆಗಷ್ಟೇ ಬ್ರಾಡ್‌ಬ್ಯಾಂಡ್ ಬಂದಿತ್ತು. ಪಾಠಗಳೆಲ್ಲ ರೆಕಾರ್ಡ್ ಆಗಿ ಬರುತ್ತಿದ್ದವು, ಬೇಕೆಂದಾಗ ನೋಡಬಹುದಿತ್ತು. ಆಫೀಸಿನ ಕ್ಯಾಬಿನಲ್ಲಿ ಓದಿದೆ, ಹಲ್ಲುಜ್ಜುತ್ತ ಓದಿದೆ, ನಾದಿನಿಯ ಮದುವೆಯ ಮಂಟಪದಲ್ಲಿ ಅಕ್ಷತೆ ಹಿಡಿದುಕೊಂಡು ಓದಿದೆ. ಮೂರು ವರ್ಷ ಸುಧಾ ಭಾನುವಾರದ ಬೀಚನ್ನು ಮರೆತಳು. ನೆಟ್‌ವರ್ಕಿನ ಗಡಿಯಾರಗಳೆಲ್ಲ ಒಂದೇ ಸಮಯ ತೋರಿಸುವಂತೆ ಮಾಡುವುದು ಹೇಗೆ ಎಂಬ ವಿಷಯದ ಮೇಲೆ ನಾನು ಬರೆದ ಪ್ರಬಂಧಕ್ಕೆ ತರಗತಿಯಲ್ಲೇ ಹೆಚ್ಚಿನ ಅಂಕ ಬಂತು. ಓದುಗರು ದಯವಿಟ್ಟು ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು!

ಉಳಿದದ್ದು ಮೌಖಿಕ ಪರೀಕ್ಷೆ ಒಂದೇ. ಕ್ಯಾಮೆರಾ ಮುಂದೆ ಕೂತು ನನ್ನ ಪ್ರಾಜೆಕ್ಟನ್ನು ವಿವರಿಸಬೇಕು. ಆಫೀಸಿನ ಸರ್ವರ್ ಮಲಗಿದ್ದರಿಂದ ಒಂದು ಸಲ ಮುಂದೂಡಿಸಿಕೊಂಡಿದ್ದೆ, ನನಗೇ ಚಿಕುನ್‌ಗುನ್ಯಾ ಬಂದು ಮಲಗಿದ್ದರಿಂದ ಇನ್ನೊಂದು ಸಲ. ಮೂರನೆಯ ದಿನಾಂಕ ಕೊಟ್ಟ ವಿಶ್ವವಿದ್ಯಾಲಯ, ಇದು ತಪ್ಪಿದರೆ ಡಿಗ್ರಿಯೂ ತಪ್ಪಿದಂತೆ ಎಂದು ಅತ್ಯಂತ ಸವಿನಯವಾಗಿ ತಿಳಿಸಿತ್ತು. ಡಿಗ್ರಿ ಬಂದರೆ ಟೀಮ್ ಲೀಡರ್ ಮಾಡುವುದಾಗಿ ಆಫೀಸಿನವರು ಹೇಳಿದ್ದರು. ಬರದಿದ್ದರೆ ಏನು ಮಾಡುತ್ತಾರೆಂದು ಕೇಳುವ ಧೈರ್ಯ ನನಗಿರಲಿಲ್ಲ.

ದಿನಾಂಕ ಕೇಳಿದ ಅಮ್ಮ ಪಂಚಾಂಗ ತೆಗೆದರು. ಬೆರಳಿಟ್ಟು ನೋಡಿದರು.

"ಅವತ್ತು ನಿಮ್ಮಪ್ಪನ ತಿಥಿ ಕಣೋ ಮುರಳಿ."

"ಶ್ರಾದ್ಧವಾ? ಒಂದು ದಿನ ಆಚೀಚೆ..."

"ತಿಥಿ ಏನು ನಿನ್ನ ಕಾಲೇಜೇನೋ, ಮುಂದೆ ಹಾಕೋಕೆ?"

ನಾನು ಗಾಬರಿಯಾಗಲಿಲ್ಲ. ನೆಟ್‌ವರ್ಕ್ ಎಂಜಿನಿಯರ್ ಅಲ್ಲವೇ? ಕಾಗದ ತೆಗೆದುಕೊಂಡು ವೇಳಾಪಟ್ಟಿ ಹಾಕಿದೆ. ಪರೀಕ್ಷೆ ಅಲ್ಲಿನ ಬೆಳಿಗ್ಗೆ ಹತ್ತಕ್ಕೆ. ಇಂಗ್ಲೆಂಡಿಗೂ ನಮಗೂ ಐದೂವರೆ ಗಂಟೆ ವ್ಯತ್ಯಾಸ, ಇದು ಹೈಸ್ಕೂಲಿನ ಭೂಗೋಳ. ಅಂದರೆ ನಮ್ಮ ಮಧ್ಯಾಹ್ನ ಮೂರೂವರೆ. ಶ್ರಾದ್ಧದ ಊಟ ಎರಡಕ್ಕೆಲ್ಲ ಮುಗಿಯುತ್ತದೆ. ಕೈತೊಳೆದು, ಮಡಿ ಬಿಚ್ಚಿ, ಇಸ್ತ್ರಿ ಶರ್ಟು ಹಾಕಿ, ಟೈ ಕಟ್ಟಿ ಕೂತರಾಯಿತು.

"ಸರಿಯಾಗಿ ನೋಡಿದ್ದೀರಾ?" ಎಂದಳು ಸುಧಾ.

"ಮೈಕ್ರೋಸೆಕೆಂಡಿನ ಲೆಕ್ಕ ಹಾಕೋನಿಗೆ ಗಂಟೆ ಲೆಕ್ಕ ಹೇಳಿಕೊಡಬೇಡ!" ಎಂದೆ.

ಆ ದಿನ ಬೆಳಿಗ್ಗೆಯೇ ಲ್ಯಾಪ್‌ಟಾಪನ್ನು ವರಾಂಡದ ಸ್ಟೂಲಿನ ಮೇಲೆ ಇಟ್ಟೆ. ಕ್ಯಾಮೆರಾ ಹಾಲ್ ಕಡೆಗೆ. ಹಿಂದೆ ಪುಸ್ತಕದ ಬೀರು ಕಾಣಲಿ ಎಂಬ ದೂರಾಲೋಚನೆ. ಕರೆ ಬಂದಾಗ ಗಡಿಬಿಡಿಯಾಗಬಾರದೆಂದು, ಬಂದ ಕರೆಯನ್ನು ಯಂತ್ರವೇ ಎತ್ತಿಕೊಳ್ಳುವಂತೆ ಮಾಡಿದೆ. ದನಿ ಚೆನ್ನಾಗಿ ಕೇಳಲೆಂದು ಸ್ಪೀಕರನ್ನು ಪೂರ್ತಿ ಏರಿಸಿದೆ. ಪಕ್ಕದಲ್ಲಿ ಪ್ರಾಜೆಕ್ಟಿನ ಸಾಮಾನು ಜೋಡಿಸಿದೆ. ಒಂದು ದಾರಿ ಕಡಿದರೆ ನೆಟ್‌ವರ್ಕ್ ತಾನಾಗಿಯೇ ಇನ್ನೊಂದು ದಾರಿ ಹಿಡಿಯಬೇಕು, ಇದೇ ನನ್ನ ಪ್ರಾಜೆಕ್ಟು. ಆಮೇಲೆ ತಲೆಗೆ ನೀರು ಹಾಕಿಕೊಂಡು, ಮಡಿ ಪಂಚೆ ಉಟ್ಟು, ಗೋಪಿಚಂದನದ ಮುದ್ರೆ ಹಚ್ಚಿಕೊಂಡೆ. ಇನ್ನು ಊಟದವರೆಗೆ ಮಡಿಯಲ್ಲದ ಯಾವುದನ್ನೂ ಮುಟ್ಟುವಂತಿಲ್ಲ.

ಶ್ರಾದ್ಧ ಮಾಡಿಸುವ ಆಚಾರ್ರು ಹನ್ನೊಂದಕ್ಕೆ ಬರಬೇಕಿತ್ತು. ಅವರಿಗೆ ಅದೇ ದಿನ ಮಾಧವರಂನಲ್ಲಿ ಇನ್ನೊಂದು ಶ್ರಾದ್ಧ. ಮಾಧವರಂ ಊರಿನ ಆ ತುದಿ, ನಾವು ಈ ತುದಿ. ಮಧ್ಯೆ ಇಡೀ ಚೆನ್ನೈ ತನ್ನೆಲ್ಲ ಬಸ್ಸು ಆಟೋಗಳೊಂದಿಗೆ ನಿಂತಿತ್ತು. ಅವರು ಬಂದಾಗ ಹನ್ನೆರಡೂವರೆ ದಾಟಿತ್ತು. ಪರವಾಗಿಲ್ಲ, ಮೂರೂವರೆಗೆ ಇನ್ನೂ ಬೇಕಾದಷ್ಟು ಹೊತ್ತಿದೆ ಎಂದುಕೊಂಡೆ.

ಹೋಮ ಆಯಿತು. ಆಚಾರ್ರೂ ಜೊತೆಯ ಬ್ರಾಹ್ಮಣರೂ ಎಲೆಯ ಮುಂದೆ ಕೂತರು. ಪಿತೃಗಳೇ ಬಂದು ಕೂತಿದ್ದಾರೆಂದು ಭಾವಿಸಬೇಕಾದ ಘಳಿಗೆ. ಸುಧಾ ಮಡಿಯಲ್ಲಿ ವಡೆ ಬಡಿಸುತ್ತಿದ್ದಳು. ಅಮ್ಮ ಒಳಬಾಗಿಲಲ್ಲಿ ನಿಂತಿದ್ದರು. ಯಾರೂ ಮಾತಾಡುವಂತಿಲ್ಲ. ನಾನು ಕೈಮುಗಿದು ಅಪ್ಪನನ್ನು ನೆನೆಯುತ್ತಿದ್ದೆ.

ಆಗ ಇಡೀ ಹಾಲ್ ನಡುಗುವಂತೆ ಹೆಂಗಸಿನ ದನಿಯೊಂದು ಇಂಗ್ಲಿಷಿನಲ್ಲಿ ಗುಡುಗಿತು:

"ಹಲೋ? ನೀವು ಅಲ್ಲಿದ್ದೀರಾ?"

ಆಚಾರ್ರ ಕೈಯ ವಡೆ ಬಾಯಿಯ ಹತ್ತಿರವೇ ನಿಂತಿತು. ಅಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಏನೋ ಅದು ಸತ್ತಂ?"

ನಮ್ಮ ಅಮ್ಮ ಮದರಾಸಿನಲ್ಲೇ ಹುಟ್ಟಿದವರು. ಗಾಬರಿಯಾದರೆ ಸದ್ದೂ ಅವರ ಬಾಯಲ್ಲಿ ತಮಿಳಿನ ಸತ್ತಂ ಆಗುತ್ತದೆ.

ಆಚಾರ್ರು ಮೆಲ್ಲಗೆ ನನ್ನ ಕಡೆ ತಿರುಗಿದರು. "ನಿಮ್ಮ ತಂದೆಯವರಿಗೆ ಇಂಗ್ಲಿಷ್ ಬರ್ತಿತ್ತೇನು?"

"ಬರ್ತಿತ್ತು," ಎಂದರು ಅಮ್ಮ. "ಆದರೆ ಅದು ಅವರ ಗಂಟಲಲ್ಲ."

ವರಾಂಡದಲ್ಲಿ ಲ್ಯಾಪ್‌ಟಾಪಿನ ಪರದೆ ತುಂಬ ಕನ್ನಡಕದ ಬಿಳಿ ಹೆಂಗಸೊಬ್ಬರು ಕೂತಿದ್ದರು. ನನ್ನ ಪರೀಕ್ಷಕಿ! ಗಡಿಯಾರ ನೋಡಿದೆ. ಎರಡೂವರೆ. ಇವರೇಕೆ ಒಂದು ಗಂಟೆ ಮುಂಚೆ ಬಂದರು? ಆಗ, ಯಾವ ಪುಟದಲ್ಲೋ ಓದಿದ್ದ ಒಂದು ಸಾಲು ಬಾಣಲೆಯ ಎಣ್ಣೆಯ ಹಾಗೆ ನನ್ನ ಮೇಲೆ ಸಿಡಿಯಿತು. ಇಂಗ್ಲೆಂಡಿನವರು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ! ಅದನ್ನು ಓದಿದ್ದು ಮಾತ್ರವಲ್ಲ, ನನ್ನ ಪ್ರಬಂಧದಲ್ಲಿ ಬರೆದೂ ಇದ್ದೆ. ಹೆಚ್ಚಿನ ಅಂಕ ಬಂದದ್ದು ಅದಕ್ಕೇ!

ಮೂರು ವರ್ಷ, ಸುಧಾಳ ಅಷ್ಟೂ ಭಾನುವಾರಗಳು, ಎಲ್ಲ ಈಗ ಸ್ಟೂಲಿನ ಮೇಲೆ ಕೂತು "ಹಲೋ ಹಲೋ" ಎನ್ನುತ್ತಿದ್ದವು. ಓಡಿಹೋಗಿ ಲ್ಯಾಪ್‌ಟಾಪಿಗೆ ಕೈಚಾಚಿದೆ.

"ಮುಟ್ಟಬೇಡ!" ಅಮ್ಮ ಕೂಗಿದರು. "ಅವರ ಊಟ ಮುಗಿದಿಲ್ಲ, ಮಡಿ ಕೆಟ್ಟರೆ ಮೊದಲಿಂದ ಆಗಬೇಕು!"

"ಅಮ್ಮಾ, ಮೂರು ವರ್ಷದ ಓದು ಹೋಗತ್ತೆ!"

ಅಮ್ಮ ಎಲೆಗಳ ಕಡೆ ನೋಡಿದರು, ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿದರು. "ಅವರಿಗೂ ಓದು ಅಂದ್ರೆ ಪ್ರಾಣ. ಮಾತಾಡು, ಹೋಗು. ಆದರೆ ಮುಟ್ಟಬೇಡ."

ಆಚಾರ್ರು ಔದಾರ್ಯದಿಂದ ತಲೆಯಾಡಿಸಿದರು. "ನಾವು ನಿಧಾನವಾಗಿ ಊಟ ಮಾಡ್ತಿರ್ತೀವಿ. ಇನ್ನೆರಡು ವಡೆ ಬರಲಿ."

ಮುಟ್ಟದೆ ಪರೀಕ್ಷೆ ಕೊಡುವುದು ಹೇಗೆ? ಅಷ್ಟರಲ್ಲಿ ಪಕ್ಕದ ಮನೆಯ ಜಯಾ ಮಾಮಿ ಗೇಟು ತೆಗೆದುಕೊಂಡು ಓಡಿ ಬಂದರು. "ಮುರಳೀ, ಯಾರೋ ವೆಳ್ಳೈಕ್ಕಾರಿ ಕೂಪ್ಪಿಡ್ರಾ!" ಎಂದು, ಬಿಳಿ ಹೆಂಗಸು ನನ್ನನ್ನು ಕರೆಯುತ್ತಿರುವ ಸುದ್ದಿಯನ್ನು ಬೀದಿಗೆಲ್ಲ ಸಾರಿದರು. ನನಗೆ ಮಾಮಿ ದೇವರ ಹಾಗೆ ಕಂಡರು. ಅವರ ಕೈ ಹಿಡಿದುಕೊಳ್ಳಬೇಕೆನಿಸಿತು. ಅದನ್ನೂ ಮುಟ್ಟುವಂತಿರಲಿಲ್ಲ!

ಹೀಗೆ ನನ್ನ ಮಾಸ್ಟರ್ ಡಿಗ್ರಿಯ ಮೌಖಿಕ ಪರೀಕ್ಷೆ ವಿಧಿವತ್ತಾಗಿ ಆರಂಭವಾಯಿತು. ವರಾಂಡದ ಸ್ಟೂಲಿನ ಬಳಿ ಜಯಾ ಮಾಮಿ. ಮಾರು ದೂರದಲ್ಲಿ, ಬರಿಮೈಯಲ್ಲಿ, ಮುದ್ರೆಗಳ ಸಮೇತ ನಾನು. ಹಿಂದೆ ಪುಸ್ತಕದ ಬೀರುವಿನ ಬದಲು ಹೋಮದ ಹೊಗೆ. ಬಾಗಿಲ ಮೊಳೆಗೆ ನೇತುಹಾಕಿದ್ದ ನನ್ನ ಹೊಸ ಟೈ ಗಾಳಿಗೆ ಆಡುತ್ತಿತ್ತು.

"ಕ್ಷಮಿಸಿ ಮೇಡಂ, ಇವತ್ತು ನಮ್ಮ ತಂದೆಯವರ ವಾರ್ಷಿಕ ಕರ್ಮ. ನಾನು ಯಂತ್ರ ಮುಟ್ಟುವ ಹಾಗಿಲ್ಲ," ಎಂದೆ ಇಂಗ್ಲಿಷಿನಲ್ಲಿ.

"ಹಾಗಾದರೆ ಈ ಮಹಿಳೆ ಯಾರು?"

"ನನ್ನ ಕೀಬೋರ್ಡು, ಮೇಡಂ."

ಒಂದೊಂದು ಚಿತ್ರ ಮುಗಿದಾಗಲೂ "ನೆಕ್ಸ್ಟ್, ಮಾಮಿ" ಎನ್ನುತ್ತಿದ್ದೆ. ಮಾಮಿ ಗುಂಡಿ ಒತ್ತುತ್ತಿದ್ದರು. ಪ್ರತಿ ಸಲವೂ ಪರೀಕ್ಷಕಿಯ ಕಡೆ ನೋಡಿ ನಗುತ್ತಿದ್ದರು. ನಡುವೆ ಒಮ್ಮೆ, ಊಟ ಆಯಿತೇ ಎಂದು ವಿಚಾರಿಸಿದರು. ಒಳಗಿನಿಂದ "ಇನ್ನೆರಡು ವಡೆ" ಎಂಬ ಗಂಭೀರ ದನಿ ಆಗಾಗ ಕೇಳುತ್ತಿತ್ತು.

ಕೊನೆಗೆ ಪ್ರಾತ್ಯಕ್ಷಿಕೆ. "ಈಗ ಒಂದು ದಾರಿ ಕಡಿಯುತ್ತೇನೆ. ನೆಟ್‌ವರ್ಕ್ ಇನ್ನೊಂದು ದಾರಿ ಹಿಡಿಯುವುದನ್ನು ತಾವು ನೋಡಬಹುದು" ಎಂದು ಗತ್ತಿನಿಂದ ಹೇಳಿದೆ.

ಕರೆಂಟು ಹೋಯಿತು.

ಮೋಡೆಮ್ ಸತ್ತಿತು, ಸಾಮಾನೆಲ್ಲ ಸತ್ತಿತು, ಪರೀಕ್ಷಕಿ ಬಾಯಿ ತೆರೆದಂತೆಯೇ ಮಾಯವಾದರು. ಬ್ಯಾಟರಿಯಿದ್ದ ಲ್ಯಾಪ್‌ಟಾಪ್ ಮಾತ್ರ ಬೆಪ್ಪಾಗಿ ಮಿನುಗುತ್ತಿತ್ತು. ನಾನು ನಿಂತಲ್ಲೇ ಕುಸಿದೆ. ಟೀಮ್ ಲೀಡರ್ ಪದವಿ ಫ್ಯಾನಿನ ಜೊತೆಗೇ ನಿಧಾನವಾಗಿ ನಿಂತುಹೋಯಿತು.

"ಇದಕ್ಯಾಕೆ ಅಳ್ತೀಯಾ?" ಎಂದು ತಮಿಳಿನಲ್ಲೇ ಗದರಿದರು ಮಾಮಿ. "ನಮ್ಮನೆ ಕರೆಂಟಿನ ಲೈನು ಬೇರೆ ಫೇಸು. ನಮಗೆ ಕರೆಂಟಿದೆ!"

ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎದೆಗವಚಿಕೊಂಡು ಮಾಮಿ ಕಾಂಪೌಂಡ್ ಗೋಡೆಯ ಕಡೆ ಓಡಿದರು. ಸಿಂಗಪುರದಲ್ಲಿರುವ ಮಗನ ಜೊತೆ ಮಾತಾಡಲೆಂದು ಅವರ ಮನೆಗೆ ವೈಫೈ ಹಾಕಿಕೊಟ್ಟಿದ್ದವನು ನಾನೇ. ಪಾಸ್‌ವರ್ಡ್ ನನಗೆ ಮರೆತುಹೋಗಿತ್ತು, ಲ್ಯಾಪ್‌ಟಾಪಿಗೆ ಮರೆತಿರಲಿಲ್ಲ. ಗೋಡೆಯ ಹತ್ತಿರ ಹೋದದ್ದೇ ತಡ, ಅದು ಆ ವೈಫೈಗೆ ಸೇರಿಕೊಂಡಿತು. ಪರೀಕ್ಷಕಿ ಮತ್ತೆ ಕರೆದರು. ಯಂತ್ರ ತಾನಾಗಿಯೇ ಕರೆ ಎತ್ತಿಕೊಂಡಿತು!

ಈ ಸಲ ಪರೀಕ್ಷಕಿಗೆ ಕಂಡದ್ದು ಇದು: ನುಗ್ಗೆ ಮರ, ಒಗೆದ ಬಟ್ಟೆಯ ಹಗ್ಗ, ಪಂಚೆ ಎತ್ತಿಕಟ್ಟಿ ಬಿಸಿಲಿಗೆ ಕುಪ್ಪಳಿಸುತ್ತಿದ್ದ ಬರಿಗಾಲಿನ ಅಭ್ಯರ್ಥಿ.

"ಏನಾಯಿತು?"

"ಒಂದು ದಾರಿ ಕಡಿಯಿತು ಮೇಡಂ. ಪಕ್ಕದ ಮನೆಯ ದಾರಿಯಲ್ಲಿ ಬಂದಿದ್ದೇನೆ."

ಅವರು ಕನ್ನಡಕ ತೆಗೆದರು. ಭುಜ ಕುಲುಕುತ್ತಿತ್ತು. ನಗುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. "ಇಷ್ಟು ನಂಬಿಕೆ ಬರುವಂಥ ಪ್ರಾತ್ಯಕ್ಷಿಕೆಯನ್ನು ನಾನು ಈವರೆಗೆ ನೋಡಿಲ್ಲ" ಎಂದರು. ಆಮೇಲೆ ಗಂಭೀರವಾಗಿ, "ಕೊನೆಯ ಪ್ರಶ್ನೆ. ಗಡಿಯಾರಗಳ ಬಗ್ಗೆ ಒಳ್ಳೆಯ ಪ್ರಬಂಧ ಬರೆದಿದ್ದೀರಿ. ನಾವು ಈ ಹೊತ್ತಿಗೆ ಕರೆಯುತ್ತೇವೆಂದು ನಿಮಗೆ ಗೊತ್ತಿತ್ತು ತಾನೇ?"

ನಾನು ನುಗ್ಗೆ ಮರವನ್ನು ನೋಡಿದೆ. ಅದು ಸಹಾಯಕ್ಕೆ ಬರಲಿಲ್ಲ. "ಮೂರೂವರೆಗೆ ಎಂದು ಗೊತ್ತಿತ್ತು ಮೇಡಂ," ಎಂದೆ.

ಅವರು ಮತ್ತೆ ನಕ್ಕರು. ಏನೋ ಬರೆದುಕೊಂಡರು. ಉತ್ತೀರ್ಣ ಎಂದರು.

ಆಗ ನನಗಾದ ನೆಮ್ಮದಿಯನ್ನು ಹೇಗೆ ಹೇಳಲಿ? ಮೂರು ವರ್ಷ ತಲೆಯ ಮೇಲಿದ್ದ ಅಕ್ಕಿಮೂಟೆ ಇಳಿದಂತಾಯಿತು. ಕಣ್ಣು ತುಂಬಿಬಂತು. ಒಳಗೆ ಓಡಿದೆ. ಆಚಾರ್ರು ಅಷ್ಟೊತ್ತೂ ಎಲೆಯ ಮುಂದೆಯೇ ಕೂತಿದ್ದರು. ಕೊನೆಯ ನೀರು ಹಾಕಿ, ತಾಂಬೂಲ ದಕ್ಷಿಣೆ ಕೊಟ್ಟು, ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದೆ. "ಪಿತೃಗಳು ಬಹಳ ತೃಪ್ತರಾಗಿದ್ದಾರೆ" ಎಂದು ಅವರು ಹೊಟ್ಟೆ ಸವರಿಕೊಂಡು ಹೇಳಿದರು. ಪಾತ್ರೆಯಲ್ಲಿ ನಮಗೆ ಒಂದು ವಡೆಯೂ ಉಳಿದಿರಲಿಲ್ಲ. ಅಮ್ಮ ಮಾತ್ರ ಅಪ್ಪನ ಫೋಟೋ ಮುಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು. "ಪಾಸಾಯ್ತಂತೆ," ಎಂದು ಅವರಿಗೆ ಹೇಳಿದರು. ಸುಧಾ ಮುಂದಿನ ಭಾನುವಾರಕ್ಕೇ ಬೀಚು ಎಂದು ಅಪ್ಪಣೆ ಕೊಟ್ಟಳು.

ಡಿಗ್ರಿ ಬಂತು, ಟೀಮ್ ಲೀಡರೂ ಆದೆ. ಲಂಡನ್ನಿನ ಮೀಟಿಂಗುಗಳ ಸಮಯ ಗೊತ್ತುಮಾಡುವುದೇ ಈಗ ನನ್ನ ಮುಖ್ಯ ಕೆಲಸ! ಸುಧಾ ಅಡಿಗೆಮನೆಯಲ್ಲಿ ಇಂಗ್ಲೆಂಡಿನ ಸಮಯಕ್ಕೆಂದೇ ಇನ್ನೊಂದು ಗಡಿಯಾರ ತೂಗುಹಾಕಿದ್ದಾಳೆ. ಆ ದೇಶದವರು ವರ್ಷಕ್ಕೆ ಎರಡು ಸಲ ಮುಳ್ಳು ತಿರುಗಿಸುವ ದಿನವನ್ನು ಅಮ್ಮ ಏಕಾದಶಿಯ ಜೊತೆಗೆ ಪಂಚಾಂಗದಲ್ಲಿ ಗುರುತು ಹಾಕಿಕೊಂಡಿದ್ದಾರೆ. ಮೊನ್ನೆ ಆ ದಿನ ಬಂತು. ನಾನೇ ತಿರುಗಿಸೋಣವೆಂದು ಸ್ಟೂಲು ಹತ್ತಿ ಕೈಚಾಚಿದೆ.

"ಮುಟ್ಟಬೇಡ!"

"ಸ್ನಾನ ಆಗಿದೆಯಲ್ಲಮ್ಮ, ಮಡಿಯಲ್ಲೇ ಇದ್ದೀನಿ."

"ಮಡಿಗಲ್ಲ ಕಣೋ. ನಿನಗೆ ಗಂಟೆ ನೋಡೋಕೆ ಬರಲ್ಲ, ಅದಕ್ಕೆ."