ಮಾತೆಲ್ಲ ಕತ್ತರಿಸಿದ ಮೇಲೆ ಉಳಿದ ನಾನು

ಕನ್ನಡ ಮೇಷ್ಟರಾಗಿ ನಿವೃತ್ತನಾದವನಿಗೆ ಬೇರೆ ಯಾವ ಅವಮಾನ ಮಾಡಿದರೂ ಸಹಿಸಿಕೊಂಡಾನು, ‘ಮಾತು ಸ್ವಲ್ಪ ಕಮ್ಮಿ ಮಾಡಿ’ ಎಂದು ಮಾತ್ರ ಹೇಳಬಾರದು. ಮಧುಗಿರಿ ಬಸ್ ನಿಲ್ದಾಣದಲ್ಲಿ ಹಳೆಯ ಶಿಷ್ಯರು ನನ್ನನ್ನು ಕಂಡ ಕೂಡಲೇ ಮೊಬೈಲಿನೊಳಗೆ ತಲೆ ಹುದುಗಿಸುತ್ತಾರೆ. ಅದಕ್ಕೆ ನನಗೆ ಬೇಜಾರಿಲ್ಲ. ಆದರೆ ನಮ್ಮದೇ ಮನೆಯ ಜಗಲಿಯ ಮೇಲೆ, ನನ್ನದೇ ಕುರ್ಚಿಯಲ್ಲಿ ಕೂರಿಸಿ ನನ್ನ ಬಾಯಿ ಮುಚ್ಚಿಸಿದ್ದನ್ನು ಹೇಗೆ ಮರೆಯಲಿ?

ಶಿರಾದಲ್ಲಿ ಬಳೆ ಅಂಗಡಿ ಇಟ್ಟಿರುವ ನನ್ನ ಶಿಷ್ಯನ ಮಗಳು ರುಖಿಯಾ ತುಮಕೂರಿನಲ್ಲಿ ಸಿನಿಮಾ ತೆಗೆಯುವುದನ್ನೇ ಓದುತ್ತಿದ್ದಾಳೆ. ಕೊನೆಯ ಪರೀಕ್ಷೆಗೆ ಒಂದು ಕಿರುಚಿತ್ರ ಮಾಡಬೇಕಂತೆ. ಕಾಲೇಜಿನವರು ಕ್ಯಾಮೆರಾ ಕೊಡುವುದು ಒಂದೇ ದಿನಕ್ಕೆ. ಸಂಜೆಯ ಬಸ್ಸಿಗೆ ಅದನ್ನು ಹಿಂದಿರುಗಿಸದಿದ್ದರೆ ಚಿತ್ರವೂ ಇಲ್ಲ, ಪಾಸೂ ಇಲ್ಲ. ಹೆಂಡತಿಗೆ ತಿಳಿಸದೆ ಮನೆ ಮಾರಿಬಿಟ್ಟ ಗಂಡನೊಬ್ಬ ಆ ಸಂಗತಿಯನ್ನು ಅವಳಿಗೆ ಹೇಳುವುದೇ ಕತೆ. “ನಿಮ್ಮ ಮುಖಾನೇ ಮನಸ್ಸಲ್ಲಿ ಇಟ್ಕೊಂಡು ಬರ್ದಿದ್ದು ಸಾರ್” ಎಂದಳು. ಅದು ಹೊಗಳಿಕೆಯೋ ಅಲ್ಲವೋ ಎಂದು ಯೋಚಿಸುವ ಮೊದಲೇ ಒಪ್ಪಿಕೊಂಡಿದ್ದೆ.

ಅವಳು ಬರೆದ ಸಂಭಾಷಣೆ ನೋಡಿ ನನಗೆ ಮರುಕ ಹುಟ್ಟಿತು. ‘ಮನೆ ಮಾರ್ಬಿಟ್ಟಿದ್ದೀನಿ ಕಣೇ’ ಎಂದಷ್ಟೇ ಇತ್ತು. ಬಾಳಿ ಬದುಕಿದ ಮನೆಯನ್ನು ಮಾರಿದವನು ಇಷ್ಟು ಹೇಳಿ ಸುಮ್ಮನಾಗುತ್ತಾನೆಯೇ? ಹೊಸಿಲಿನ ಬಗ್ಗೆ, ಹಿತ್ತಲಿನ ನುಗ್ಗೆಮರದ ಬಗ್ಗೆ, ಮನುಷ್ಯನ ನೆಲೆಯಿಲ್ಲದ ಬಾಳಿನ ಬಗ್ಗೆ ಹಿಂದಿನ ದಿನವೇ ಕೂತು ಎರಡು ಪುಟ ಬರೆದು ಬಾಯಿಪಾಠ ಮಾಡಿದೆ. ಹೆಂಡತಿಯ ಪಾತ್ರಕ್ಕೆ ನನ್ನ ಹೆಂಡತಿ ಶಾರದೆಯೇ ಸಿಕ್ಕಳು. ಅವಳದು ಹೊಳವನಹಳ್ಳಿ ಕಡೆ. ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದವಳು. ಕಾಫಿ ಲೋಟ ಹಿಡಿದು ಬಂದು ನಿಲ್ಲುವುದಷ್ಟೇ ಅವಳ ಕೆಲಸ, ಮಾತಿಲ್ಲ. ನನಗೆ ಅದು ಬಹಳ ಸಮಂಜಸವಾದ ಪಾತ್ರಹಂಚಿಕೆ ಎನಿಸಿತ್ತು.

ಮೊದಲನೆಯ ಸಲ ನುಗ್ಗೆಮರದವರೆಗೆ ಬಂದು ಒಂದು ವಿಶೇಷಣ ಮರೆತೆ. ಎರಡನೆಯ ಸಲ ಎಲ್ಲವೂ ನೆನಪಾಯಿತು, ಆದರೆ ಅದಕ್ಕಿಂತ ಒಳ್ಳೆಯ ವಿಶೇಷಣ ಹೊಳೆದದ್ದರಿಂದ ನಾನೇ ನಿಲ್ಲಿಸಿದೆ. ಇನ್ನೊಂದು ಸಲ ಗಂಟಲು ಗದ್ಗದವಾಗಬೇಕಾದ ಜಾಗದಲ್ಲಿ ಕೆಮ್ಮು ಬಂತು. ಕ್ಯಾಮೆರಾ ಹಿಡಿದಿದ್ದ ಪಾವಗಡದ ಹುಡುಗ ಗಂಗಾಧರ “ಎಂಡ ಪೋತಾ ಐತೆ ಸಾರ್” ಎಂದ. ನಮ್ಮ ಕಡೆ ಎಂಡವೆಂದರೆ ಕುಡಿಯುವಂಥದ್ದು. ನನ್ನ ಮನೆಯಲ್ಲಿ ಅದರ ಮಾತೇ ಎಂದು ರೇಗಿದೆ. ಅವರ ಕಡೆಯ ತೆಲುಗಿನಲ್ಲಿ ಎಂಡ ಎಂದರೆ ಬಿಸಿಲು, ಜಗಲಿಯಿಂದ ಬಿಸಿಲು ಸರಿಯುತ್ತಿದೆ ಎಂದು ರುಖಿಯಾ ಬಿಡಿಸಿ ಹೇಳಿದಳು. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಪಾಪ, ಹುಡುಗಿಗೆ ನನ್ನ ಅಭಿನಯ ನಾಟಿದೆ ಎಂದುಕೊಂಡು ಮತ್ತೆ ಹೊಸಿಲಿನಿಂದಲೇ ಶುರು ಮಾಡಿದೆ.

ಆಗ ಶಾರದೆ ಲೋಟವನ್ನು ಜಗಲಿಯ ಮೇಲೆ ಇಟ್ಟಳು. ಹಾಗೆ ಇಡಬೇಕೆಂದು ಯಾರೂ ಹೇಳಿರಲಿಲ್ಲ.

“ಮಾರ್ಬುಟ್ರಿ ತಾನೇ, ಅದನ್ನ ಹೇಳೋಕೆ ಇಷ್ಟೊಂದ್ ಮಾತ್ಯಾಕೆ? ಮಾರೋಕ್ ಮುಂಚೆ ನನ್ನನ್ನ ಒಂದ್ಮಾತು ಕೇಳ್ಬೇಕು ಅನ್ನುಸ್ಲಿಲ್ವಾ ನಿಮ್ಗೆ?”

ನನ್ನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಎರಡು ಪುಟದಲ್ಲಿ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಅವಳು ಕೇಳಿದ್ದು ಪಾತ್ರದ ಗಂಡನನ್ನೋ ನನ್ನನ್ನೋ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಕೇಳಿ ತಿಳಿದುಕೊಳ್ಳುವ ಧೈರ್ಯ ನನಗಿಲ್ಲ. ಕ್ಯಾಮೆರಾ ಓಡುತ್ತಲೇ ಇತ್ತು. ಅವಳು ಒಳಗೆ ಹೋದ ಮೇಲೂ ರುಖಿಯಾ ನಿಲ್ಲಿಸಲು ಹೇಳಲಿಲ್ಲ. ಆಮೇಲೆ ಮೆಲ್ಲಗೆ, “ಬಸ್ ಸಿಗುತ್ತೆ, ನಡೀರಿ” ಎಂದಳು.

ಚಿತ್ರ ಪಾಸಾಯಿತು, ಕಾಲೇಜಿನಲ್ಲಿ ಎಲ್ಲರಿಗೂ ತೋರಿಸಿದರು. ನಮ್ಮಿಬ್ಬರನ್ನೂ ತುಮಕೂರಿಗೆ ಕರೆಸಿದ್ದರು. ಹೊಸಿಲು, ನುಗ್ಗೆಮರ, ನೆಲೆಯಿಲ್ಲದ ಬಾಳು ಯಾವುದೂ ಅದರಲ್ಲಿರಲಿಲ್ಲ. ಶಾರದೆ ಕೇಳುತ್ತಾಳೆ, ನಾನು ಬಾಯಿ ಬಿಟ್ಟುಕೊಂಡು ಕೂತಿರುತ್ತೇನೆ, ಅಷ್ಟೇ. ಚಿತ್ರ ಮುಗಿದ ಮೇಲೆ ಜನ ಶಾರದೆಯನ್ನು ಸುತ್ತುವರಿದರು. ಆ ಮೌನ ಅದ್ಭುತವಾಗಿತ್ತು ಎಂದು ಒಬ್ಬ ಅಧ್ಯಾಪಕರು ನನ್ನ ಕೈಕುಲುಕಿದರು. ಜೀವಮಾನವಿಡೀ ಪಾಠ ಹೇಳಿದವನಿಗೆ ಸಿಕ್ಕ ಮೆಚ್ಚುಗೆ ಇದು! ಬರುವಾಗ ಬಸ್ಸಿನಲ್ಲಿ ಕೊರಟಗೆರೆ ದಾಟುವವರೆಗೂ ನಾನು ಈ ಅನ್ಯಾಯವನ್ನು ವಿವರಿಸಿದೆ. ಶಾರದೆ ಕಿಟಕಿಗೆ ಒರಗಿ ನಿದ್ದೆ ಮಾಡಿದಳು.

ಮೊನ್ನೆ ಗಂಗಾಧರ ಫೋನ್ ಮಾಡಿದ್ದ. ಅವನೂ ಒಂದು ಚಿತ್ರ ತೆಗೆಯುತ್ತಾನಂತೆ, ನಾಯಕಿಯ ತಂದೆಯ ಪಾತ್ರಕ್ಕೆ ನಾನೇ ಬೇಕಂತೆ. ಸಂಭಾಷಣೆ ಎಷ್ಟಿದೆ ಎಂದು ಬಿಗಿಯಾಗಿ ಕೇಳಿದೆ. ತಂದೆ ತೀರಿಹೋಗಿದ್ದಾನೆ, ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಮಾತ್ರ ಎಂದ. “ಫೋಟೋ ಅಂದ್ರೆ ಮಾತಾಡಲ್ಲ ಕದಾ ಸಾರ್, ಟೈಮ್ ಉಳೀತದೆ.” ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನೊಮ್ಮೆ ಈ ನಂಬರಿಗೆ ಫೋನ್ ಮಾಡಬೇಡ ಎಂದು ಹೇಳಿ ಇಟ್ಟುಬಿಟ್ಟೆ.

ಮಾರನೆಯ ಬೆಳಿಗ್ಗೆ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಪೇಟೆಯ ಸ್ಟುಡಿಯೋದಲ್ಲಿ ಕೂತಿದ್ದೆ. ಫೋಟೋದವನು ಯಾತಕ್ಕೆ ಬೇಕು ಸಾರ್, ಪಾಸ್‌ಪೋರ್ಟಿಗಾ ಎಂದು ಕೇಳಿದ. ಅಲ್ಲಪ್ಪ, ಹಾರ ಹಾಕೋದಕ್ಕೆ ಎಂದೆ. ಅವನು ಕ್ಯಾಮೆರಾ ಇಳಿಸಿ ನನ್ನ ಮುಖವನ್ನೇ ನೋಡಿದ. ಸ್ವಲ್ಪ ನಗಿ ಎಂದು ಹೇಳುವ ಧೈರ್ಯ ಪಾಪ ಅವನಿಗೆ ಬರಲಿಲ್ಲ. ನಾನಾಗಿಯೇ ನಕ್ಕೆ.