ರುದ್ರೇಶನ ವಾರದ ರಜೆ

ಮಾತಿಗೆ ತಪ್ಪದ ಮನುಷ್ಯ ಎಂಬ ಹೆಸರು ನನಗೆ ಕಡೂರಿನಲ್ಲಿದೆ. ಅದರ ಗುಟ್ಟನ್ನು ನಿಮ್ಮ ಮುಂದೆ ಹೇಳಿಬಿಡುತ್ತೇನೆ. ನಾನು ಯಾರಿಗೂ ಏನನ್ನೂ ಬರೆದುಕೊಡುವುದಿಲ್ಲ. ಬರೆದುಕೊಟ್ಟರೆ ತಾನೇ ತಪ್ಪಿದ್ದು ಗೊತ್ತಾಗುವುದು? ನನ್ನದು ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಪುಟ್ಟ ವೈಂಡಿಂಗ್ ಅಂಗಡಿ. ಅಲ್ಲಿ ಹನ್ನೊಂದು ವರ್ಷದಿಂದ ಇರುವವನು ಯಗಟಿಯ ರುದ್ರೇಶ. ಅವನನ್ನು ಸೇರಿಸಿಕೊಂಡದ್ದು "ನಾಳೆಯಿಂದ ಬಾರೋ" ಎಂಬ ಎರಡೇ ಪದಗಳಲ್ಲಿ. ಕೆಲಸಕ್ಕಿರುವ ಎಲ್ಲರಿಗೂ ಷರತ್ತುಗಳನ್ನು ಬರೆದು ನೇಮಕಾತಿ ಪತ್ರ ಕೊಡಬೇಕೆಂಬ ಕಾನೂನಿನ ಸುದ್ದಿ ಪತ್ರಿಕೆಯಲ್ಲಿ ಬಂದಾಗ, ನಾನು ಅದೇ ಹಾಳೆಯ ಮೇಲೆ ಮೆಣಸಿನಕಾಯಿ ಬೋಂಡಾ ಇಟ್ಟುಕೊಂಡು ತಿಂದೆ. ಅರ್ಧ ಅವನಿಗೂ ಕೊಟ್ಟೆ. ಮನೆಮಗನಂತಿರುವವನಿಗೆ ಪತ್ರವೇಕೆ ಎಂಬುದು ನನ್ನ ಸಿದ್ಧಾಂತ.

ಕಳೆದ ತಿಂಗಳು ರುದ್ರೇಶ ಸಿಂಗಟಗೆರೆಗೆ ಹೆಣ್ಣು ನೋಡಲು ಹೋಗಿದ್ದ. ಮರುದಿನ ಮುಖ ಸಪ್ಪಗಿತ್ತು. ವಿಚಾರಿಸಿದರೆ, ಹುಡುಗಿ ಬೇಡವೆಂದಿಲ್ಲ, ಒಂದು ಪ್ರಶ್ನೆ ಕೇಳಿದ್ದಾಳೆ.

"ನಿಮ್ಗೆ ವಾರದ ರಜಾ ಯಾವತ್ತು ಅಂದ್ಲು ಅಣ್ಣಾ. ನಂಗೆ ಏನ್ ಹೇಳ್ಬೇಕು ಗೊತ್ತಾಗ್ಲಿಲ್ಲ."

ಹುಡುಗಿ ಶೋಭಾ ತರೀಕೆರೆಯ ಒಂದು ಹೊಲಿಗೆ ಕಾರ್ಖಾನೆಯಲ್ಲಿದ್ದಾಳೆ. ಅವಳ ನೇಮಕಾತಿ ಪತ್ರದಲ್ಲಿ ವಾರದ ರಜೆ ಭಾನುವಾರ ಎಂದು ಅಚ್ಚಾಗಿದೆಯಂತೆ. ರಜೆಯೇ ಇಲ್ಲದ ಗಂಡನ ಮುಖ ನೋಡುವುದು ಯಾವಾಗ ಎಂಬುದು ಅವಳ ಯೋಚನೆ. ಬರೆದದ್ದನ್ನು ತಂದು ತೋರಿಸಲಿ, ಆಮೇಲೆ ಮುಂದಿನ ಮಾತು ಎಂದಿದ್ದಾಳೆ.

"ನಾನೇನು ನಿಂಗೆ ರಜಾ ಕೊಡಲ್ಲ ಅಂದಿದ್ನೇನೋ?" ಎಂದೆ, ನೊಂದವನಂತೆ.

"ಇಲ್ಲ ಅಣ್ಣಾ. ತಗೋ ಅಂತಾನೂ ಅಂದಿಲ್ಲ."

ಅವತ್ತು ಸಂಜೆ ಮನೆಯಲ್ಲಿ ಅವನ ನೇಮಕಾತಿ ಪತ್ರ ಬರೆಯಲು ಕೂತೆ. ಕೆಲಸ ಏನು ಎಂಬಲ್ಲಿ 'ಮೋಟಾರು ವೈಂಡಿಂಗ್' ಎಂದು ದಪ್ಪಕ್ಷರದಲ್ಲಿ ಬರೆದೆ. ಹೆಂಡತಿ ಗಿರಿಜಾ ಹಿಂದಿನಿಂದ ಇಣುಕಿದಳು. "ನಿಮ್ಮಮ್ಮನ್ನ ಕಣ್ಣಾಸ್ಪತ್ರೆಗೆ ಕರ್ಕೊಂಡೋಗೋದು, ಗ್ಯಾಸ್ ಸಿಲಿಂಡರ್ ತರೋದು ಬರೆದ್ರಾ? ಅಜ್ಜಂಪುರದಲ್ಲಿ ನಮ್ಮಕ್ಕನ ಮನೆ ಗೃಹಪ್ರವೇಶಕ್ಕೆ ಮೂರು ದಿನ ಓಡಾಡಿದ್ನಲ್ಲ, ಅದೂ ವೈಂಡಿಂಗೇ ಏನ್ರೀ?" ನಾನು ಬುದ್ಧಿ ಓಡಿಸಿ 'ಹಾಗೂ ಮಾಲೀಕರು ಹೇಳುವ ಇತರೆ ಎಲ್ಲ ಕೆಲಸಗಳು' ಎಂದು ಸೇರಿಸಿದೆ. ವೇಳೆಯ ಜಾಗದಲ್ಲಿ 'ಬೆಳಿಗ್ಗೆ ಒಂಬತ್ತರಿಂದ ಮೋಟಾರು ಮುಗಿಯುವವರೆಗೆ' ಎಂದು ಬರೆದು, ಹೊಡೆದುಹಾಕಿ, 'ಸಂಜೆ ಆರರವರೆಗೆ' ಎಂದು ತಿದ್ದಿದೆ. ಹನ್ನೊಂದು ವರ್ಷದಲ್ಲಿ ಒಂದು ದಿನವಾದರೂ ಅವನು ಆರಕ್ಕೆ ಮನೆಗೆ ಹೋದದ್ದು ನೆನಪಾಗಲಿಲ್ಲ. ನಿಜವಾಗಿ ನಾಚಿಕೆಯಾಯಿತು.

ಮರುದಿನ ರುದ್ರೇಶ ಪತ್ರವನ್ನು ಎರಡು ಸಲ ಓದಿ, ಒಂದು ಕಡೆ ಬೆರಳಿಟ್ಟ. "ಈ 'ಇತರೆ ಎಲ್ಲ' ಅನ್ನೋದು ಬೇಡ ಅಣ್ಣಾ. ಅಮ್ಮನ್ನ ಆಸ್ಪತ್ರೆಗೆ ನಾನೇ ಕರ್ಕೊಂಡೋಗ್ತೀನಿ. ಬರೆದ್ಬಿಟ್ರೆ ಅದೂ ಕೆಲ್ಸ ಆಗೋಗ್ತದೆ."

ಆ ಸಾಲು ಬಿಟ್ಟು ಇನ್ನೊಂದು ಪ್ರತಿ ಬರೆದೆ. ವಾರದ ರಜೆ ಭಾನುವಾರ ಎಂದು ನಮೂದಿಸಿ, ಸಹಿ ಹಾಕಿ, ಅಂಗಡಿಯ ಸೀಲನ್ನೂ ಒತ್ತಿದೆ.

ಆ ಭಾನುವಾರ ಅವನು ಪತ್ರ ಹಿಡಿದು ಸಿಂಗಟಗೆರೆಯ ಬಸ್ಸು ಹತ್ತಿದ. ಇತ್ತ ಚೌಳಹಿರಿಯೂರಿನ ರೈತರೊಬ್ಬರು ಟೆಂಪೋದಲ್ಲಿ ಸುಟ್ಟ ಮೋಟಾರು ತಂದಿಳಿಸಿದರು. ನನ್ನ ಕೈ ತಾನಾಗಿ ಫೋನಿಗೆ ಹೋಯಿತು, ಹಾಕಿದ ಸಹಿ ನೆನಪಾಗಿ ವಾಪಸು ಬಂತು. ಅವನಿಗೆ ಈ ವಿದ್ಯೆ ಕಲಿಸಿದ ಗುರು ನಾನೇ ಅಲ್ಲವೇ ಎಂದುಕೊಂಡು, ಕನ್ನಡಕ ಏರಿಸಿ ತಂತಿ ಸುತ್ತಲು ಕೂತೆ. ಊಟಕ್ಕೂ ಏಳಲಿಲ್ಲ. ಸಂಜೆ ಕರೆಂಟು ಕೊಟ್ಟರೆ ಮೋಟಾರು ಗುಂಯ್ ಎಂದಿತೇ ಹೊರತು ತಿರುಗಲಿಲ್ಲ. "ಇರ್ಲಿ ಬಿಡಿ ಸ್ವಾಮಿ, ನಾಳೆ ರುದ್ರೇಶ ಬತ್ತಾನಲ್ಲ" ಎಂದು ರೈತರೇ ನನಗೆ ಸಮಾಧಾನ ಹೇಳಿದರು.

ಸೋಮವಾರ ಒಂಬತ್ತಕ್ಕೆ ಸರಿಯಾಗಿ ರುದ್ರೇಶ ಪೇಡೆಯ ಪೊಟ್ಟಣದೊಂದಿಗೆ ಬಂದ. ಶೋಭಾ ಪತ್ರವನ್ನು ಪೂರ್ತಿ ಓದಿ, ಒಪ್ಪಿದ್ದಾಳೆ. ನನಗಾದ ಸಂತೋಷ ಅಷ್ಟಿಷ್ಟಲ್ಲ. ಎರಡು ಪೇಡೆ ಒಟ್ಟಿಗೇ ಬಾಯಿಗೆ ಹಾಕಿಕೊಂಡೆ. ಅಷ್ಟರಲ್ಲಿ ಅವನು ನಾನು ಸುತ್ತಿಟ್ಟ ಮೋಟಾರಿನ ಮುಂದೆ ಕೂತಿದ್ದ. ಬಹಳ ಹೊತ್ತು ನೋಡಿದ. ಗುರುವಿನ ಮರ್ಯಾದೆಗೆ ನಗು ತಡೆದುಕೊಂಡು, ನನ್ನ ತಂತಿಯನ್ನು ಒಂದೊಂದೇ ಸುತ್ತು ಬಿಚ್ಚತೊಡಗಿದ. ಪೂರ್ತಿ ಬಿಚ್ಚಿದ ಮೇಲೆ ಮೆಲ್ಲಗೆ ಹೇಳಿದ:

"ಅಣ್ಣಾ, ಇನ್ನೊಂದು ಪತ್ರ ಬರೀರಿ. ಭಾನುವಾರ ನಿಮ್ಗೂ ರಜಾ ಅಂತ. ಸಹಿ ನಾನ್ ಹಾಕ್ತೀನಿ."